ಇಪ್ಪತ್ತಮೂರನೇ ಮನೆ

ಮಳವಳ್ಳಿ
೧೫ ಮೇ ೨೦೨೫, ಗುರುವಾರ

ಪ್ರಸನ್ನನಿಗೆ,

ಜೈಭೀಮ್. ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಚೆನ್ನಾಗಿಯೇ ಇರುತ್ತೀಯ. ಯಾವುದನ್ನೂ ಮೈಗೆ ಹಚ್ಚಿಕೊಳ್ಳದವರಿಗೆ ಏನು ದಾಡಿ? ಗಂಡನ ಮೇಲೆ ಪ್ರೀತಿ ಉಕ್ಕಿ ಬಂದು ಬರೆಯುತ್ತಿದ್ದಾಳೆ ಅಂತ ನಿನ್ನ ಅವ್ವನ ಮುಂದೆ ಹೇಳಿಕೊಂಡು ಓಡಾಡಬೇಡ. ಬುದ್ಧ ಪೂರ್ಣಿಮೆಗೆ ಸಿದ್ದರಾಜು ಮೇಷ್ಟ್ರ ಶಿಷ್ಯರು ಏಳೂ ಜನ ‘ನಿಡಘಟ್ಟ’ ಅನ್ನುವ ಆ ಒಂದೇ ಕೃತಿಯನ್ನು ಗಿಟಾರಿನಲ್ಲಿ ಬಾರಿಸಿ ಎಲ್ಲರಿಗೂ ಕಳಿಸಬೇಕು, ಚೀಟಿಯಲ್ಲಿ ಯಾರ ಹೆಸರು ಬರುತ್ತದೋ ಅವರಿಗೆ ವಾರದೊಳಗೆ ಕಾಗದ ಬರೆದು ಅಭಿಪ್ರಾಯ ತಿಳಿಸಬೇಕು. ಫೋನಿನಲ್ಲಿ ಸುಳ್ಳು ಹೇಳುವುದು ಸುಲಭ, ಕೈಬರಹದಲ್ಲಿ ಕಷ್ಟ ಅಂತ ಮೇಷ್ಟ್ರ ನಂಬಿಕೆ. ಈ ವರ್ಷ ನನ್ನ ಹಣೆಬರಹಕ್ಕೆ ನಿನ್ನ ಹೆಸರು ಬಂತು. ಅದಕ್ಕೇ ಬರೆಯುತ್ತಿದ್ದೇನೆ, ಇನ್ನೇನಕ್ಕೂ ಅಲ್ಲ.

ಇನ್ನೊಂದು ಮಾತನ್ನು ಕೊನೆಗೆ ಬರೆಯೋಣ ಅಂತಿದ್ದೆ. ಆಗುವುದಿಲ್ಲ, ಈಗಲೇ ಬರೆದುಬಿಡುತ್ತೇನೆ. ಮಗಳು ಶೋಭಿತಾಳ ಟಿ.ಸಿ. ಬೇಕು, ಹತ್ತನೇ ತರಗತಿಗೆ ಮದ್ದೂರಿನಲ್ಲೇ ಸೇರಿಸುತ್ತೇನೆ ಅಂತ ಮೆಸೇಜು ಹಾಕಿದ್ದೀಯಲ್ಲ, ಅದನ್ನು ನೋಡಿದೆ. ಕೊಡುವುದಿಲ್ಲ. ಅವಳು ಬ್ಯಾಗು ಹಿಡಿದುಕೊಂಡು ನಿನ್ನ ಮನೆಗೆ ಬಂದು ಇವತ್ತಿಗೆ ಮೂವತ್ತೆಂಟು ದಿನ. ಒಂದು ದಿನವೂ ನನ್ನ ಫೋನು ಎತ್ತಿಲ್ಲ. ಅಜ್ಜಿ ಎತ್ತಿ, “ಮಗ ಮಲಗದೆ ಕಣವ್ವ” ಅನ್ನುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಮಾಡಿದರೂ ಮಲಗಿದ್ದಾಳೆ, ಸಂಜೆ ಆರಕ್ಕೆ ಮಾಡಿದರೂ ಮಲಗಿದ್ದಾಳೆ. ಅಷ್ಟೊಂದು ಮಲಗುವ ಹುಡುಗಿ ನನ್ನ ಮನೆಯಲ್ಲಿ ಇರಲಿಲ್ಲ. ತಿಂಗಳ ಕೊನೆಗೆ ಶಾಲೆ ಶುರುವಾಗುತ್ತದೆ, ಅಷ್ಟರೊಳಗೆ ಅವಳು ಮಳವಳ್ಳಿಗೆ ವಾಪಸು ಬರಬೇಕು. ಇದು ನನ್ನ ಮಾತು.

ಈಗ ನಿನ್ನ ವಾದನಕ್ಕೆ ಬರುತ್ತೇನೆ. ವಾದನ ಎನ್ನುವುದು ದೊಡ್ಡ ಮಾತಾಯಿತು.

ನೀನು ಕಳಿಸಿದ್ದನ್ನು ಮೂರು ಸಲ ಕೇಳಿದೆ. ‘ಈ ಸಲದ್ದು’ ಅಂತ ಎರಡು ಪದ ಟೈಪು ಮಾಡಿ ಎಸೆದಿದ್ದೀಯ. ಬಾರಿಸಿರುವುದೂ ಹಾಗೇ ಇದೆ. ಮೊದಲ ನಾಲ್ಕು ಮನೆಗಳಲ್ಲಿ, ಅಂದರೆ ಮೊದಲ ಹದಿನಾರು ಎಣಿಕೆಯಲ್ಲಿ, ಎಷ್ಟು ಮೆತ್ತಗೆ ಮುಟ್ಟಿದ್ದೀಯ ಅಂದರೆ, ಪಕ್ಕದ ರೂಮಿನಲ್ಲಿ ಯಾರಾದರೂ ಎದ್ದುಬಿಟ್ಟಾರೆಂಬ ಭಯ ಇದ್ದಂತಿದೆ. ಇದೇನು, ಮದುವೆ ಆರ್ಕೆಸ್ಟ್ರಾಗಳಲ್ಲಿ ಕಿವಿ ಹರಿಯುವಂತೆ ಬಾರಿಸಿ ಬಾರಿಸಿ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದೀಯಾ? ಒಂಬತ್ತನೇ ಮನೆಯಲ್ಲಿ ಐದು ಫ್ರೆಟ್ಟಿನಷ್ಟು ದೂರಕ್ಕೆ ಬೆರಳು ಅಗಲಿಸಿ ಹಿಡಿಯಬೇಕಾದ ಕಡೆ ಕೆಳಗಿನ ಸ್ವರವನ್ನೇ ಬಿಟ್ಟುಬಿಟ್ಟಿದ್ದೀಯ. ಆ ಸ್ವರ ಇಲ್ಲದಿದ್ದರೆ ಆ ಮನೆಗೆ ನೆಲವೇ ಇಲ್ಲ. ನಾಲ್ಕು ವರ್ಷ ಹೆಂಡತಿಯಿಂದ ದೂರ ಇದ್ದದ್ದಕ್ಕೆ ಬೆರಳು ಮೋಟಾದವೇ? ಸೋಮಾರಿತನ ಅದು. ಶುದ್ಧ ಸೋಮಾರಿತನ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಯಾಕೆಂದರೆ ನೀನು ಮರೆತಿದ್ದೀಯ ಅನ್ನುವುದು ಕೇಳಿದವರಿಗೆಲ್ಲ ಗೊತ್ತಾಗುತ್ತದೆ. ಮೇಷ್ಟ್ರು ಬೆಂಗಳೂರಿನ ಹೋಟೆಲ್ ಬ್ಯಾಂಡಿನಲ್ಲಿದ್ದಾಗ ಮೈಸೂರಿಗೆ ಹೋಗುವ ದಾರಿಯಲ್ಲಿ ವ್ಯಾನು ನಿಡಘಟ್ಟದ ಹತ್ತಿರ ಕೆಟ್ಟು ನಿಂತಿತು. ಬೆಳಗ್ಗೆಯಿಂದ ಸಂಜೆವರೆಗೂ ಮೆಕ್ಯಾನಿಕ್ ಬರಲಿಲ್ಲ. ಪಿಯಾನೋ ಬಾರಿಸುತ್ತಿದ್ದ ಅವರ ಬ್ಯಾಂಡಿನ ಯಜಮಾನರು ಹುಣಸೆ ಮರದ ಕೆಳಗೆ ಕೂತು ಸಿಗರೇಟು ಪ್ಯಾಕಿನ ಮೇಲೆ ಬರೆದ ನಿಧಾನ ಗತಿಯ ಜಾಜ್ ಬ್ಯಾಲಡ್ ಅದು. ಅದಕ್ಕೆ ಅವರು ಹೆಸರಿಡಲಿಲ್ಲ, ನಿಡಘಟ್ಟ ಅಂತ ಮೇಷ್ಟ್ರೇ ಕರೆದರು. ಮಂಡ್ಯದ ಗುತ್ತಲಿನ ಮನೆಯಲ್ಲಿ ನಮಗೆ ಕಲಿಸುವಾಗ ಸ್ಲೇಟಿನ ಮೇಲೆ ಚೌಕಾಬಾರದ ಹಾಗೆ ಮೂವತ್ತೆರಡು ಮನೆ ಬರೆದು, ಒಂದೊಂದು ಮನೆಯಲ್ಲೂ ನಾಲ್ಕು ಎಣಿಕೆ ಹಾಕಿಸಿದರು. ಹದಿನೇಳನೇ ಮನೆಯಿಂದ ಶ್ರುತಿ ಮೂರು ಸಲ ಜಾಗ ಬದಲಾಯಿಸುತ್ತದೆ. ಅಲ್ಲಿಗೆ ಬಂದವರೆಲ್ಲ ಎಡವುತ್ತಾರೆ. “ಇದು ಕಾಯೋನ ಆಡು ಕಣ್ಲಾ. ಕಾಯೋನು ಆತ್ರನೂ ಪಡಬಾರ್ದು, ತೂಕಡಿಸ್ಲೂ ಬಾರ್ದು” ಅನ್ನುತ್ತಿದ್ದರು. ನೀನು ತೂಕಡಿಸುತ್ತಿದ್ದೆ. ನಾನು ಆತುರಪಡುತ್ತಿದ್ದೆ. ಇಬ್ಬರೂ ಬೈಸಿಕೊಂಡಿದ್ದೇವೆ.

ಮೇಷ್ಟ್ರು ತಾವೇ ಬಾರಿಸಿದ್ದು ಉಳಿದಿರುವುದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ೧೯೯೬ರಲ್ಲಿ, ಅವರ ಮನೆಯ ಮುಂದಿನ ಕೋಣೆಯಲ್ಲಿ, ಮೈಕು ಹಿಡಿದವನು ನೀನು, ಟೇಪ್ ರೆಕಾರ್ಡರಿನ ಗುಂಡಿ ಒತ್ತಿದವಳು ನಾನು. ಆಗ ನನಗೆ ಹದಿನೈದು. ಆ ಕ್ಯಾಸೆಟ್ಟಿನ ಇಪ್ಪತ್ತಮೂರನೇ ಮನೆಯಲ್ಲಿ ಏನಾಗುತ್ತದೆ ಅನ್ನುವುದನ್ನು ನಿನಗೆ ವಿವರಿಸಬೇಕಾ? ಮೂರು ತಂತಿಯನ್ನು ಒಟ್ಟಿಗೆ ಎಳೆದು, ಇಡೀ ಸ್ವರಗುಚ್ಛವನ್ನು ಅರ್ಧ ಕೂದಲಿನಷ್ಟು ಮೇಲೆತ್ತಿ, ಲಯವನ್ನು ಒಂದು ಚೂರು ಮುಂದಕ್ಕೆ ತಳ್ಳಿ, ಮತ್ತೆ ಎರಡನ್ನೂ ಕೆಳಗಿಳಿಸಿ ಜಾಗಕ್ಕೆ ತಂದು ಕೂರಿಸುತ್ತಾರೆ. ಮೂರು ತಂತಿಯನ್ನು ಒಂದೇ ಅಳತೆಗೆ ಎಳೆಯುವುದು ಅಂದರೆ ತಮಾಷೆಯಲ್ಲ. ನನಗೆ ಆರು ವರ್ಷ ಹಿಡಿಯಿತು. ಉಂಗುರದ ಬೆರಳು ಇವತ್ತಿಗೂ ಬೆಳಗ್ಗೆ ಮಡಚುವುದಿಲ್ಲ. ಪೇಪರಿನವರು ಕೂಡ ಅದನ್ನು ‘ಸಿದ್ದರಾಜು ಎಳೆತ’ ಅಂತ ಬರೆದರು. ಆ ಎಳೆತವೇ ನಿಡಘಟ್ಟದ ಜೀವ. ಉಳಿದ ಮೂವತ್ತೊಂದು ಮನೆ ಅಲ್ಲಿಗೆ ಹೋಗುವ ದಾರಿ, ಅಲ್ಲಿಂದ ಬರುವ ದಾರಿ, ಅಷ್ಟೆ.

ನೀನು ಏನು ಮಾಡಿದ್ದೀಯ? ಏನೂ ಮಾಡಿಲ್ಲ. ಇಪ್ಪತ್ತಮೂರಕ್ಕೆ ಬಂದು ತಂತಿಯನ್ನು ಒಮ್ಮೆ ಮುಟ್ಟಿ ಸುಮ್ಮನೆ ಬಿಟ್ಟಿದ್ದೀಯ. ನಾಲ್ಕು ಎಣಿಕೆ, ಬರೀ ಮಾರ್ದನಿ. ಎಳೆಯುವುದಕ್ಕೆ ಹೋಗಿ ಸೋತಿದ್ದರೆ ಕ್ಷಮಿಸುತ್ತಿದ್ದೆ. ಸೋತವರು ಪ್ರಯತ್ನವನ್ನಾದರೂ ಮಾಡಿರುತ್ತಾರೆ. ನೀನು ಎಳೆಯಲೇ ಇಲ್ಲ. ಇದನ್ನು ಕೇಳಿ ಅಂಬರೀಶ್ ಅನ್ನುವ ಆ ಮಹಾನುಭಾವ ನಮ್ಮ ಏಳು ಜನರ ಮೆಸೇಜು ಗುಂಪಿನಲ್ಲಿ ಕೈ ಮುಗಿಯುವ ಚಿತ್ರ ಹಾಕಿ ‘ಸೂಪರ್ ಅಣ್ಣ’ ಅಂದಿದ್ದಾನೆ. ಅವನಿಗೆ ಎರಡು ಸ್ವರದ ಮಧ್ಯೆ ಜಾಗ ಕಂಡರೆ ತಡೆಯುವುದಿಲ್ಲ, ಎಲ್ಲಾ ಕಡೆಯೂ ಕುಸುರಿ ತುಂಬುತ್ತಾನೆ. ಅವನ ನಿಡಘಟ್ಟದಲ್ಲಿ ವ್ಯಾನು ಕೆಟ್ಟೇ ಇಲ್ಲ, ಹಾರ್ನು ಹೊಡೆದುಕೊಂಡು ಹೋಗುತ್ತಲೇ ಇದೆ. ಯತೀಶ್ ಬ್ಯಾಂಕಿನ ಕೌಂಟರಿನಲ್ಲಿ ಕೂತವನ ಹಾಗೆ ಒಂದಾದ ಮೇಲೊಂದು ಮನೆಯನ್ನು ಮುಗಿಸಿ ಕಳಿಸುತ್ತಾನೆ. ರಂಜಿತ ಒಬ್ಬಳು ಪರವಾಗಿಲ್ಲ, ಆದರೆ ಎಳೆತದ ಜಾಗದಲ್ಲಿ ಅವಳು ಹಲ್ಲು ಕಚ್ಚುವುದು ರೆಕಾರ್ಡಿಂಗಿನಲ್ಲಿ ಕೇಳಿಸುತ್ತದೆ. ಕಚ್ಚಲಿ. ಕನಿಷ್ಠ ಎಳೆಯುತ್ತಾಳಲ್ಲ. ಕ್ಯಾಸೆಟ್ಟು ಮಾಡಿದ ದಿನ ಅದೇ ಕೋಣೆಯಲ್ಲಿದ್ದ ನೀನು ಎಳೆಯುವುದಿಲ್ಲ ಅಂದರೆ ನಾಚಿಕೆಯಾಗಬೇಕು.

ಆದರೆ ನಿನಗೆ ಎಲ್ಲಿಂದ ಈ ಬುದ್ಧಿ ಬಂತು ಅಂತ ನನಗೆ ಗೊತ್ತು. ಮಗಳ ಮಾತು ಕಟ್ಟಿಕೊಂಡಿದ್ದೀಯ.

ಅವತ್ತು ನಡೆದದ್ದನ್ನು ನಿನ್ನ ಅವ್ವನಿಗೆ, ನಿನ್ನ ತಂಗಿಗೆ ನೀನು ನಿನ್ನ ಥರ ಹೇಳಿದ್ದೀಯ. ನನ್ನ ಥರ ಹೇಗೆ ಅನ್ನುವುದನ್ನೂ ಕೇಳು. ಅಂಬೇಡ್ಕರ್ ಜಯಂತಿಗೆ ಇನ್ನು ಒಂದು ವಾರ ಇತ್ತು. ಇಲ್ಲಿನ ಕಾರ್ಯಕ್ರಮದಲ್ಲಿ ನಾನೂ ಅವಳೂ ಜೊತೆಯಲ್ಲಿ ನಿಡಘಟ್ಟ ಬಾರಿಸಬೇಕಿತ್ತು. ಅಮ್ಮ ಮಗಳು ಎರಡು ಗಿಟಾರು ಹಿಡಿದು ಕೂರುತ್ತಾರೆ ಅಂತ ಬ್ಯಾನರಿಗೂ ಕೊಟ್ಟಾಗಿತ್ತು. ಹದಿನೈದು ದಿನದಿಂದ ಇಪ್ಪತ್ತಮೂರೊಂದನ್ನೇ ಮಾಡಿಸುತ್ತಿದ್ದೆ. ಹೌದು, ಅವಳ ಬೆರಳಿನ ಚರ್ಮ ಕಿತ್ತು ಬಂದಿತ್ತು. ಹೌದು, ಪ್ಲಾಸ್ಟರು ಸುತ್ತಿ ಮತ್ತೆ ಕೂರಿಸಿದೆ. ನನ್ನ ಬೆರಳೂ ಕಿತ್ತು ಬಂದಿತ್ತು, ನನಗೆ ಯಾರೂ ಪ್ಲಾಸ್ಟರು ಸುತ್ತಲಿಲ್ಲ. ಆಗ ಅವಳು ಗಿಟಾರನ್ನು ಪಕ್ಕಕ್ಕಿಟ್ಟು, “ಅಮ್ಮ, ಅದು ಎಳೆತ ಅಲ್ಲ ಕಣಮ್ಮ. ಹಿಂದ್ಗಡೆ ಗಡಿಯಾರ ಟಿಕ್ ಟಿಕ್ ಅಂತದಲ್ಲ, ಅಲ್ಲಿ ಅದೂ ಓಡ್ತದೆ. ಟೇಪೇ ಓಡ್ತಾ ಇರೋದು” ಅಂದಳು. ಮೇಷ್ಟ್ರ ಮನೆಯ ಗೋಡೆ ಗಡಿಯಾರದ ಮಾತು. ನಾನು ಮತ್ತೊಂದು ಸಲ ಹಾಕಿ ಕೇಳಿದೆ. ಗಡಿಯಾರವೂ ಇಲ್ಲ, ಗಿಡಿಯಾರವೂ ಇಲ್ಲ, ನನಗೇನೂ ಕೇಳಿಸಲಿಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಏಳು ಜನ ಕೇಳಿದ್ದೇವೆ, ನಮ್ಮಲ್ಲಿ ಯಾರಿಗೂ ಕೇಳಿಸದ್ದು ನೆನ್ನೆ ಮೊನ್ನೆ ಗಿಟಾರು ಹಿಡಿದವಳಿಗೆ ಕೇಳಿಸಿತಂತೆ. ಮೇಷ್ಟ್ರನ್ನು ಟೇಪಿನ ದೋಷ ಅನ್ನುವಷ್ಟು ದೊಡ್ಡವಳಾದೆಯಾ ಅಂತ ಕೆನ್ನೆಗೆ ಹೊಡೆದೆ. ಅವಳು ಅಳಲಿಲ್ಲ. ಪ್ಲಾಸ್ಟರು ಬಿಚ್ಚಿ ಮೇಜಿನ ಮೇಲಿಟ್ಟು, ಬಟ್ಟೆ ತುಂಬಿಕೊಂಡು, ಮದ್ದೂರು ಬಸ್ಸು ಹತ್ತಿದಳು.

ನೀನು ಫೋನು ಮಾಡಿ ಏನಂದೆ? “ಮಗ ಯೋಳೋದ್ರಲ್ಲೂ ಏನೋ ಇರ್ಬೌದು ಕಣೆ, ನೀ ಯೋಳೋದ್ರಲ್ಲೂ ಇರ್ಬೌದು.” ಇರಬಹುದು! ಹದಿನೆಂಟು ವರ್ಷದ ದಾಂಪತ್ಯದಲ್ಲಿ ನಿನ್ನ ಬಾಯಿಂದ ನಾನು ಕೇಳಿದ್ದು ಇದೊಂದೇ ಮಾತು. ಎರಡೂ ಸರಿ ಇರಬಹುದು, ಯಾವುದೂ ಸರಿ ಇಲ್ಲದಿರಬಹುದು, ಊಟ ಆಯ್ತಾ ಅಂದರೆ ಆಗಿರಬಹುದು. ನಾನು ಗಣಿತ ಪಾಠ ಮಾಡುವವಳು. ಉತ್ತರ ಒಂದೇ ಇರುತ್ತದೆ. ಇರಬಹುದು ಅನ್ನುವವನ ಜೊತೆ ನನ್ನ ಮಗಳು ಹತ್ತನೇ ತರಗತಿ ಓದುವುದು ಬೇಡ. ಟಿ.ಸಿ. ಕೊಡುವುದಿಲ್ಲ ಅಂದರೆ ಕೊಡುವುದಿಲ್ಲ.

ಭಾನುವಾರ ಗುತ್ತಲಿಗೆ ಹೋಗಿ ನಿನ್ನ ಈ ಘನಕಾರ್ಯವನ್ನು ಮೇಷ್ಟ್ರಿಗೇ ಕೇಳಿಸುತ್ತೇನೆ. ಅವರೇನನ್ನುತ್ತಾರೋ ಅದನ್ನೂ ಇದೇ ಕಾಗದದಲ್ಲಿ ಸೇರಿಸಿ ಪೋಸ್ಟು ಮಾಡುತ್ತೇನೆ. ಆಗ ಕಿವಿ ತೆರೆದುಕೊಂಡು ಓದು.

೧೮ ಮೇ, ಭಾನುವಾರ

ಮಂಡ್ಯದಿಂದ ಈಗ ತಾನೇ ಬಂದೆ. ಮೇಲಿನದನ್ನು ಒಮ್ಮೆ ಓದಿದೆ. ಹರಿದು ಬೇರೆ ಬರೆಯೋಣ ಅನ್ನಿಸಿತು. ಬೇಡ, ಇರಲಿ. ಎಂಥವಳ ಜೊತೆ ಬಾಳುವೆ ಮಾಡಿದೆ ಅನ್ನುವುದಕ್ಕೆ ನಿನ್ನ ಹತ್ತಿರ ಒಂದು ಸಾಕ್ಷಿ ಇರಲಿ.

ಮೇಷ್ಟ್ರು ಜಗುಲಿಯ ಮೇಲೆ ಕೂತು ಯಾರದೋ ಹಳೇ ರೇಡಿಯೋ ಬಿಚ್ಚಿಕೊಂಡಿದ್ದರು. ಎಪ್ಪತ್ತಾರಾದರೂ ಆ ಚಟ ಹೋಗಿಲ್ಲ. ಬಲಗಿವಿ ಮಂದವಾಗಿದೆ, ಎಡಗಿವಿಗೆ ಫೋನು ಹಿಡಿದೆ. ಪ್ರಸನ್ನ ಹೇಗೆ ನಿಮ್ಮ ಮರ್ಯಾದೆ ತೆಗೆದಿದ್ದಾನೆ ಕೇಳಿ ಅಂದೆ. ಕಣ್ಣು ಮುಚ್ಚಿ ಕೇಳಿದರು. ಒಂಬತ್ತನೇ ಮನೆ ಬಂದಾಗ ಹುಬ್ಬು ಮೇಲೇರಿತು. ಇಪ್ಪತ್ತಮೂರು ಬಂದಾಗ ಕೈಯಲ್ಲಿದ್ದ ಸ್ಕ್ರೂಡ್ರೈವರು ಕೆಳಗಿಟ್ಟರು. ಮುಗಿದ ಮೇಲೆ ಮತ್ತೊಂದು ಸಲ ಹಾಕು ಅಂದರು. ನಾನು ಒಳಗೊಳಗೇ ಖುಷಿಯಾಗಿ, ಈಗ ಬರುತ್ತದೆ ನೋಡು ಬೈಗುಳ ಅಂತ ಕಾಯುತ್ತಿದ್ದೆ.

“ಇದು ಪ್ರಸನ್ನ ಅಲ್ಲ ಕಣವ್ವ” ಅಂದರು. “ಒಂಬತ್ತರಲ್ಲಿ ಅಡಿ ಸ್ವರ ಬುಟ್ಟದೆ. ಎಟುಕ್ದೇ ಬುಟ್ಟಿರೋದು, ಬೇಕೂಂತ ಅಲ್ಲ. ಸಣ್ಣ ಕೈ. ಯಾರ್ದು?”

ಯಾರದು ಅಂತ ನಾನು ಹೇಳಬೇಕಾಗಿರಲಿಲ್ಲ. ಐದು ಫ್ರೆಟ್ಟು ಎಟುಕದ ಆ ಕೈಗೆ ನಾನೇ ದಿನಾ ಎಣ್ಣೆ ತಿಕ್ಕಿ, ಅಗಲಿಸು ಅಗಲಿಸು ಅಂತ ಜಗ್ಗಿದ್ದೇನೆ. ಸೋಮಾರಿತನ ಅಂತ ಬರೆದೆನಲ್ಲ ಮೇಲೆ, ಶುದ್ಧ ಸೋಮಾರಿತನ ಅಂತ. ಮೂರು ಸಲ ಕೇಳಿಯೂ ನನ್ನ ಮಗಳ ಕೈ ನನಗೆ ಗೊತ್ತಾಗಲಿಲ್ಲ. ನೀನು ಬಾರಿಸಿದ್ದೇ ಅಂದುಕೊಂಡು ಬೈಯುವುದಕ್ಕೆ ಕೂತಿದ್ದೆ, ಕೇಳುವುದಕ್ಕೆ ಎಲ್ಲಿ ಪುರುಸೊತ್ತು? ‘ಈ ಸಲದ್ದು’ ಅಂತ ಹೆಸರು ಹಾಕದೆ ಕಳಿಸಿದ್ದು ಯಾಕೆ ಅಂತ ಈಗ ಅರ್ಥವಾಗುತ್ತಿದೆ. ಅವಳೇ ಹಾಗೆ ಹೇಳಿರಬೇಕು. ಅಮ್ಮ ಹೆಸರು ನೋಡಿದರೆ ಸರಿಯಾಗಿ ಕೇಳುವುದಿಲ್ಲ ಅಂತ. ಹೆಸರಿಲ್ಲದಿದ್ದರೂ ಅವಳಮ್ಮ ಕೇಳಲಿಲ್ಲ.

ಆದರೂ ನಾನು ಬಿಡಲಿಲ್ಲ. ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಸಣ್ಣ ಕೈಯಾದರೆ ಒಂಬತ್ತು ಬಿಡಲಿ, ಇಪ್ಪತ್ತಮೂರನ್ನು ಬೇಕೆಂದೇ ಬಿಟ್ಟಿದ್ದಾಳೆ, ಗಡಿಯಾರವೂ ಓಡುತ್ತದೆ ಅಂತ ಅಧಿಕಪ್ರಸಂಗದ ಮಾತಾಡುತ್ತಾಳೆ, ಅದಕ್ಕೆ ಹೊಡೆದೆ ಅಂತ ಹೇಳಿದೆ. ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಮೇಷ್ಟ್ರ ಹೆಂಡತಿ ಶಿವನಂಜಮ್ಮನವರು ಗಂಡನ ಮುಖ ನೋಡಿದರು. ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ಕ್ಯಾಸೆಟ್ಟಿಂದು ಇದ್ರೆ ಹಾಕು ಅಂದರು. ಫೋನಿಗೆ ಇಳಿಸಿಕೊಂಡದ್ದು ಇತ್ತು, ಹಾಕಿದೆ. ಇಪ್ಪತ್ತೆರಡು ಮನೆ ಗಡಿಯಾರ ನಿಧಾನವಾಗಿ ಟಿಕ್ ಟಿಕ್ ಅನ್ನುತ್ತದೆ. ಇಪ್ಪತ್ತಮೂರಕ್ಕೆ ಬಂದ ತಕ್ಷಣ ಟಿಕ್ ಟಿಕ್ ಟಿಕ್ ಅಂತ ಓಡುತ್ತದೆ. ಇಪ್ಪತ್ತನಾಲ್ಕಕ್ಕೆ ಮತ್ತೆ ಮಾಮೂಲಿ. ಹುಡುಗಿ ಹೇಳಿದ ಹಾಗೆಯೇ, ಒಂದು ಅಕ್ಷರವೂ ಆಚೀಚೆ ಇಲ್ಲ.

“ಚಲುವರಾಜು ಮಿಲ್ಲು ಕಣೇಳಿ ಅದು” ಅಂದದ್ದು ಶಿವನಂಜಮ್ಮನವರು. ಸೊಪ್ಪಿನಿಂದ ತಲೆ ಕೂಡ ಎತ್ತಲಿಲ್ಲ. “ಬೀದಿ ಕೊನೇಲಿ ರಾಗಿ ಮಿಲ್ಲಿತ್ತಲ್ಲ. ಅವ್ನು ಮೋಟ್ರು ಆಕ್ದಾಗ್ಲೆಲ್ಲಾ ನಮ್ಮನೆ ದೀಪ ಕಣ್ಣು ಮುಚ್ಕಂಡು ಬುಡ್ತಿತ್ತು. ನಾನು ದಿನಾ ಬೈಯ್ತಿರ್ನಿಲ್ವಾ?”

ಮೇಷ್ಟ್ರು ರೇಡಿಯೋ ರಿಪೇರಿಯವರು, ಅವರಿಗೆ ಮಿಕ್ಕದ್ದು ಕ್ಷಣದಲ್ಲಿ ಹೊಳೆಯಿತು. ಮೋಟರು ಎತ್ತಿಕೊಳ್ಳುವ ಆ ನಾಲ್ಕು ಸೆಕೆಂಡು ಕರೆಂಟು ಕುಗ್ಗುತ್ತದೆ, ರೆಕಾರ್ಡು ಮಾಡುತ್ತಿರುವ ಟೇಪು ನಿಧಾನವಾಗುತ್ತದೆ, ಆಮೇಲೆ ಸರಿಯಾದ ವೇಗದಲ್ಲಿ ಹಾಕಿ ಕೇಳಿದಾಗ ಅಷ್ಟು ಜಾಗ ಮಾತ್ರ ಮೇಲೇರಿ ಓಡುತ್ತದೆ. ಸ್ವರವೂ, ಲಯವೂ, ಗಡಿಯಾರವೂ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ನಗು ಬಂದು, ನಗು ಕೆಮ್ಮಾಗಿ, ಶಿವನಂಜಮ್ಮನವರು ನೀರು ತರಬೇಕಾಯಿತು. ಚಲುವರಾಜುವಿನ ಮಿಲ್ಲಿನ ಮೋಟರಿಗಾಗಿ ನಾನು ಆರು ವರ್ಷ ಬೆರಳು ಸೀಳಿಕೊಂಡಿದ್ದೇನೆ, ಪ್ರಸನ್ನ. ಏಳು ಜನ ಬುದ್ಧಿವಂತರು ಒಂದು ರಾಗಿ ಮಿಲ್ಲನ್ನು ಗಿಟಾರಿನಲ್ಲಿ ಬಾರಿಸಿಕೊಂಡು, ಅದರ ಮೇಲೆ ಪ್ರತಿ ವರ್ಷ ಕಾಗದ ಬರೆದುಕೊಂಡು ಕೂತಿದ್ದೇವೆ. ಥೂ, ನಮ್ಮ ಜನ್ಮಕ್ಕಿಷ್ಟು.

ನನಗೆ ನಗು ಬರಲಿಲ್ಲ. ಮೈಯೆಲ್ಲ ಉರಿಯಿತು. ನೀವು ಬಾರಿಸಿದ್ದು ನಿಮಗೆ ಗೊತ್ತಿರಲಿಲ್ಲವೇ, ಎಳೆದಿರೋ ಇಲ್ಲವೋ ನೆನಪಿಲ್ಲವೇ ಅಂತ ಜಗಳಕ್ಕೇ ನಿಂತೆ. ಅವರು ರೇಡಿಯೋದ ಕಡೆ ನೋಡುತ್ತಾ ಹೇಳಿದರು.

“ನಾನು ಆ ಕ್ಯಾಸೆಟ್ಟು ಕೇಳೇ ಇರ್ನಿಲ್ಲ ಕಣವ್ವ. ನಂದು ನಾನೇ ಕೇಳ್ಕಂಡು ಏನ್ಮಾಡ್ಲಿ? ನೀನು ಎಳೆಯದ್ ನೋಡ್ದೆ. ಎಣ್ಣುಮಗ ಏನೋ ಒಸ ದಾರಿ ಇಡ್ದವಳೆ, ಬೋ ಸಂದಾಗದೆ ಅನ್ಕಂಡೆ. ಆಮೇಕೆ ಎಲ್ಲಾರೂ ಎಳುದ್ರಿ. ಪೇಪರ್ನೋರು ಬಂದು ನನ್ನೆಸ್ರು ಬರ್ಕಂಡೋದ್ರು. ಅದು ನಂದಲ್ಲ ಅನ್ನಕ್ಕೆ ನಾಚ್ಕೆ ಆಯ್ತು. ನಾನೂ ಎಳೆಯಕ್ಕೆ ಸುರು ಮಾಡ್ದೆ.”

ಐವತ್ತು ದಾಟಿದ ಮೇಲೆ, ಶಿಷ್ಯೆಯ ತಪ್ಪನ್ನು ನೋಡಿ ಕಲಿತು, ತನ್ನದೇ ಅಂತ ಹೇಳಿಕೊಂಡು, ಬಾರಿಸಿಕೊಂಡು ಬಂದ ಗುರು! ಸುಳ್ಳು ಬರೆಯುವುದು ಕಷ್ಟ ಅಂತ ನಮಗೆಲ್ಲ ಕಾಗದ ಬರೆಸಿದವರು, ಒಂದು ಹೊಗಳಿಕೆಯ ಮುಂದೆ ಬಾಯಿ ಮುಚ್ಚಿಕೊಂಡು ಕೂತುಬಿಟ್ಟರು. ಅವರ ಮೇಲಿದ್ದ ಗೌರವ ಜಗುಲಿಯ ಮೆಟ್ಟಿಲು ಇಳಿಯುವುದರೊಳಗೆ ಅರ್ಧವಾಯಿತು ಅಂತ ಬರೆದರೆ ನಿನಗೆ ಕೆಟ್ಟದ್ದೆನಿಸಬಹುದು. ಎನಿಸಲಿ. ಆದರೆ ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು, ಅದನ್ನು ಬರೆಯದಿದ್ದರೆ ನಾನೂ ಅವರಂಥವಳೇ ಆಗುತ್ತೇನೆ. “ನಮ್ ಯಜಮಾನ್ರು ಇಪ್ಪತ್ಮೂರ ಇಂಗೇ ಬಾರ್ಸ್ತಿದ್ರು ಕಣವ್ವ. ಒಂದ್ಸಲ ಮುಟ್ಟಿ ಬುಟ್ಬುಡೋದು. ಕಾದು ಕಾದು ಸಾಕಾದೋನು ಅಲ್ಲಿ ಸುಮ್ಕಾಯ್ತಾನೆ. ನಂಗೇ ಮರ್ತೋಗಿತ್ತು. ಮಗ ಅದನ್ನ ಎಂಗೆ ಕಂಡ್ಕಂತು?”

ಹೇಗೆ ಕಂಡುಕೊಂಡಳು ಅಂತ ನಾನೇನು ಹೇಳಲಿ? ಎಳೆಯುವುದಕ್ಕೆ ಏನೂ ಇಲ್ಲ ಅಂತ ಗೊತ್ತಾದ ಮೇಲೆ ಅಲ್ಲಿ ಉಳಿಯುವುದು ಅದೊಂದೇ. ಮಂಡ್ಯದಿಂದ ಮಳವಳ್ಳಿಯವರೆಗೆ ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಬಂದೆ. ಎಷ್ಟು ಸಲ ಅಂತ ಎಣಿಸಲಿಲ್ಲ. ಮೊದಲ ನಾಲ್ಕು ಮನೆ ಮೆತ್ತಗಿರುವುದು ಭಯಕ್ಕಲ್ಲ. ಬೆರಳಿನ ಗಾಯ ಇನ್ನೂ ಪೂರ್ತಿ ಮಾಗಿಲ್ಲ, ಅದನ್ನು ಉಳಿಸಿಕೊಂಡು ಬಾರಿಸಿದ್ದಾಳೆ. ಹದಿನೇಳರಿಂದ ಮೂರು ಕಡೆ ಶ್ರುತಿ ಬದಲಾಗುವಾಗ ನಾವೆಲ್ಲ ಎಡವಿದ ಜಾಗದಲ್ಲಿ ಅವಳು ಎಡವಿಲ್ಲ. ಇಪ್ಪತ್ತಮೂರಕ್ಕೆ ಬಂದು ಬಿಡುತ್ತಾಳಲ್ಲ, ಅಲ್ಲಿ ನನಗೆ ಅಳು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು, “ಯಾರಾದ್ರೂ ಓಗ್ಬುಟ್ರಾ ಕಣವ್ವ?” ಅಂತ ಕೇಳಿದರು. ಹೌದು ಅಂದೆ.

ನಿನ್ನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ ಅಂದುಕೊಳ್ಳಬೇಡ. ನೀನು ಮೇಷ್ಟ್ರಿಗಿಂತ ಬೇರೆಯಲ್ಲ. ಗಡಿಯಾರ ಓಡುತ್ತದೋ ಇಲ್ಲವೋ ಅಂತ ಕ್ಯಾಸೆಟ್ಟು ಹಾಕಿ ಕೇಳುವುದಕ್ಕೆ ನಿನಗೆ ಐದು ನಿಮಿಷ ಸಾಕಿತ್ತು. ಕೇಳಿ, ಅರುಂಧತಿ ನೀನು ತಪ್ಪು, ಮಗಳು ಸರಿ ಅಂತ ನನ್ನ ಮುಖಕ್ಕೆ ಹೇಳುವುದಕ್ಕೆ ಧೈರ್ಯ ಸಾಲಲಿಲ್ಲ, ಇರಬಹುದು ಇರಬಹುದು ಅಂತ ರಾಗ ಎಳೆದೆ. ಆದರೆ ಅವಳಿಗೆ ಗಿಟಾರು ಕೊಟ್ಟು, ರೂಮು ಕೊಟ್ಟು, ಹೀಗೆ ಬಾರಿಸು ಹಾಗೆ ಬಾರಿಸು ಅನ್ನದೆ ಬಿಟ್ಟಿದ್ದೀಯ. ಅದು ನಿನ್ನ ದೊಡ್ಡಗುಣವೋ, ಯಾರ ಗೊಡವೆಯೂ ಬೇಡವೆಂಬ ನಿನ್ನ ಹಳೇ ರೋಗವೋ ನನಗೆ ಗೊತ್ತಿಲ್ಲ. ಯಾವುದೇ ಆದರೂ ಅವಳಿಗೆ ಒಳ್ಳೆಯದಾಗಿದೆ. ಇದನ್ನು ಬರೆಯುವಾಗ ನನಗೆ ಎಷ್ಟು ಸಂಕಟವಾಯಿತು ಅಂತ ಅಕ್ಷರ ನೋಡಿದರೆ ತಿಳಿಯುತ್ತದೆ.

ಟಿ.ಸಿ. ಇದರ ಜೊತೆಯಲ್ಲಿದೆ. ನೀನು ಶಾಲೆಗೂ ಅರ್ಜಿ ಕಳಿಸಿದ್ದೆಯಂತೆ, ಶುಕ್ರವಾರವೇ ಹೆಡ್ಮಾಸ್ಟರರು ಕರೆದು ಕೈಗೆ ಕೊಟ್ಟಿದ್ದರು, ನಿನಗೆ ಸಿಗಬಾರದು ಅಂತ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಈಗ ತೆಗೆದಿದ್ದೇನೆ. ಮದ್ದೂರಿನಲ್ಲಿ ಸೇರಿಸುವುದಾದರೆ ಸೇರಿಸು. ಮಳವಳ್ಳಿಯಲ್ಲೇ ಓದುತ್ತೇನೆ ಅಂತ ಅವಳಾಗಿ ಹೇಳಿದರೆ ಆ ಕಾಗದ ಹಿಡಿದು ಬಂದರೆ ಸಾಕು, ಸೀಟು ಖಾಲಿಯೇ ಇರುತ್ತದೆ. ಅವಳನ್ನು ನೀನು ಪುಸಲಾಯಿಸಬೇಡ, ನಾನೂ ಫೋನು ಮಾಡಿ ಪೀಡಿಸುವುದಿಲ್ಲ. ಗಣಿತದಲ್ಲಿ ಅವಳಿಗೆ ಭಿನ್ನರಾಶಿ ಮಾತ್ರ ಕೈಕೊಡುತ್ತದೆ, ಉಳಿದದ್ದೆಲ್ಲ ಸರಿಯಿದೆ. ಅವಳಿಗೆ ಹುಳಿ ಮೊಸರು ಆಗುವುದಿಲ್ಲ, ನಿನ್ನ ಅವ್ವನಿಗೆ ಹೇಳು.

ಉಳಿದ ಐವರಿಗೂ ಮಿಲ್ಲಿನ ವಿಷಯ ನಾನೇ ಬರೆಯುತ್ತೇನೆ. ಅಂಬರೀಶನಿಗೆ ಮೊದಲು. ಶಿವನಂಜಮ್ಮನವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಶೋಭಿತಾ ಕಂಡುಹಿಡಿದದ್ದು ಅಂತ ಅವಳ ಹೆಸರು ಹಾಕಿಯೇ ಬರೆಯುತ್ತೇನೆ. ಗೊತ್ತಾದ ಮೇಲೂ ಎಳೆಯುವವರು ಎಳೆದುಕೊಳ್ಳಲಿ.

ನಿನ್ನ ಹೆಂಡತಿ ಅಂತ ಬರೆಯಲು ಕೈ ಏಳುತ್ತಿಲ್ಲ. ಶೋಭಿತಾಳ ಅಮ್ಮ ಅಂತ ಬರೆಯಲು ಮುಖವಿಲ್ಲ.

ಬರೀ,
ಅರುಂಧತಿ

ಕೊನೆಗೊಂದು ಮಾತು: ಇದಿಷ್ಟು ನಿನಗಲ್ಲ, ಕಾಗದದ ಈ ತುದಿಯನ್ನು ಅವಳ ಕೈಗೆ ಕೊಡು.

ಶೋಭಿ, ಮೇಲೆ ನಿಮ್ಮಪ್ಪನಿಗೆ ಒಂದು ಸುಳ್ಳು ಬರೆದಿದ್ದೇನೆ. ಅವತ್ತು ನೀನು ಹೇಳಿದ ಮೇಲೆ ಇನ್ನೊಂದು ಸಲ ಹಾಕಿ ಕೇಳಿದೆವಲ್ಲ, ಗಡಿಯಾರ ಓಡಿದ್ದು ನನಗೂ ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ನೀನು ನನ್ನ ಮುಖ ನೋಡಿದೆ, ನನಗೆ ಕೇಳಿಸಿತು ಅಂತ ನಿನಗೂ ಗೊತ್ತಾಯಿತು. ಆಮೇಲೆ ನಿನಗೆ ಹೊಡೆದೆ.